ಬಲ್ಬಿಗೆ ಕಾಗದದ ಟೋಪಿ

ಶಾಲೆಯ ಮಕ್ಕಳು ಆಕೆಯನ್ನು ಗೋಂದು ಮಿಸ್ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆಕೆಗೆ ಅದು ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಕರಕುಶಲ ಕಲಿಸುತ್ತಿದ್ದ ಆಕೆಯ ಉಗುರಿನ ಸಂದಿಯಲ್ಲಿ ಮೈದಾ ಗೋಂದು ಒಣಗಿರದ ದಿನವೇ ಇರಲಿಲ್ಲ.

ಅದು ಬಡವರ ಮಕ್ಕಳ ಶಾಲೆ. ಬಣ್ಣದ ಕಾಗದ, ಥರ್ಮೋಕೋಲು, ಹೊಳೆಯುವ ಟೇಪು ಎಂದು ಪಟ್ಟಿ ಕೊಟ್ಟರೆ ಮರುದಿನ ಅರ್ಧ ತರಗತಿ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತಿತ್ತು. ಇದನ್ನು ಮೊದಲ ವರ್ಷವೇ ಕಂಡುಕೊಂಡ ಮಿಸ್, ಅಂಗಡಿಯಿಂದ ಏನನ್ನೂ ತರಿಸುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಳು. ಮನೆಯಲ್ಲಿ ಬಿಸಾಡುವುದೇನಿದೆಯೋ ಅದನ್ನು ತನ್ನಿ ಎಂದಳು. ಮೊಟ್ಟೆಯ ಟ್ರೇ ಮುಖವಾಡವಾಯಿತು. ಹರಿದ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದರೆ ಮಾತಾಡುವ ನಾಯಿ. ಔಷಧದ ಬಾಟಲಿಯ ಮುಚ್ಚಳ ಬೆಂಕಿಪೊಟ್ಟಣದ ಲಾರಿಗೆ ಚಕ್ರ. ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಉದ್ದುದ್ದಕ್ಕೆ ಸೀಳಿ, ಜಡೆ ಹೆಣೆದ ಹಾಗೆ ಹೆಣೆದು ಮಾಡಿದ ಚಾಪೆಯೊಂದು ಹೆಡ್ ಮೇಡಂ ಕೋಣೆಯ ಬಾಗಿಲಲ್ಲಿ ಆರು ವರ್ಷದಿಂದ ತುಳಿಸಿಕೊಂಡು ಬಿದ್ದಿತ್ತು.

ಮಿಸ್ ಮದುವೆಯಾಗಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದ, ಗಂಡ ತೀರಿಕೊಂಡ ಅಕ್ಕನ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಎಲ್ಲರ ಮನೆಯಲ್ಲೂ ಕಸದ ಬುಟ್ಟಿ ತುಂಬಿದರೆ ತಮ್ಮ ಮನೆಯಲ್ಲಿ ಬುಟ್ಟಿಗೆ ಉಪವಾಸ, ಮಂಚದ ಕೆಳಗೆ ಔತಣ ಎಂದು ಅಕ್ಕ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹಾಗೆ ಹೇಳುತ್ತಲೇ ಟೂತ್‌ಪೇಸ್ಟಿನ ಖಾಲಿ ಟ್ಯೂಬನ್ನು ತೊಳೆದು ತಂಗಿಯ ಚೀಲಕ್ಕೆ ಹಾಕುತ್ತಿದ್ದಳು.

ಪ್ರತಿ ಸೋಮವಾರ ಮಕ್ಕಳ ಕೈಗೆ ಒಂದು ಹಾಳೆ ಹೋಗುತ್ತಿತ್ತು. 'ಮನೆಯಲ್ಲೇ ಮಾಡಿ ನೋಡಿ' ಎಂದು ತಲೆಬರಹ. ಕೆಳಗೆ ಮಿಸ್ಸಿನ ದುಂಡು ಅಕ್ಷರದಲ್ಲಿ ಬೇಕಾದ ಸಾಮಾನು, ಮಾಡುವ ಬಗೆ, ಪಕ್ಕದಲ್ಲಿ ಚಿಕ್ಕ ಚಿತ್ರ. ಒಂದೇ ಮಗ್ಗುಲಲ್ಲಿ ಮುಗಿಯಬೇಕು ಎಂಬುದು ಹೆಡ್ ಮೇಡಂ ಹಾಕಿದ ನಿಯಮ. ಎರಡನೆಯ ಮಗ್ಗುಲಿಗೆ ಹೋದರೆ ಜೆರಾಕ್ಸ್ ಯಂತ್ರ ಕಾಗದ ಕಚ್ಚಿಕೊಂಡು ಕೂತುಬಿಡುತ್ತಿತ್ತು.

ಆ ವಾರ ಕಲಿಸಿದ್ದು ದೀಪದ ಮುಸುಕು. ಮಕ್ಕಳು ಅದಕ್ಕೆ ಬಲ್ಬಿನ ಟೋಪಿ ಎಂದರು, ಮಿಸ್ಸೂ ಹಾಗೇ ಎಂದಳು. ಬಲೂನು ಊದಿ, ಹಳೆಯ ಪೇಪರನ್ನು ಪಟ್ಟಿಪಟ್ಟಿಯಾಗಿ ಹರಿದು ಗೋಂದಿನಲ್ಲಿ ಅದ್ದಿ, ಬಲೂನಿನ ಮೈತುಂಬ ನಾಲ್ಕು ಪದರ ಅಂಟಿಸಬೇಕು. ಎರಡು ದಿನ ಒಣಗಿದ ಮೇಲೆ ಬಲೂನನ್ನು ಚುಚ್ಚಿ ತೆಗೆದು, ಕೆಳಗೆ ಬಾಯಿ ಕತ್ತರಿಸಿ, ದಪ್ಪ ಸೂಜಿಯಿಂದ ಸುತ್ತಲೂ ತೂತು ಮಾಡಬೇಕು. ಮೇಲೆ ತಂತಿಯನ್ನು ಮೂರು ಸುತ್ತು ಹೊಸೆದು ಕೊಂಡಿ. ಮಿಸ್ ಕಿಟಕಿ ಮುಚ್ಚಿಸಿ, ತನ್ನ ಟೋಪಿಯನ್ನು ಬಲ್ಬಿಗೆ ತೊಡಿಸಿ ಸ್ವಿಚ್ ಒತ್ತಿದಾಗ ಗೋಡೆ, ಸೂರು, ಮಕ್ಕಳ ಮುಖ, ಹೆಡ್ ಮೇಡಂ ಇಣುಕಿದ ಬಾಗಿಲು ಎಲ್ಲದರ ಮೇಲೂ ನಕ್ಷತ್ರ ಚೆಲ್ಲಿದ ಹಾಗಾಯಿತು. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ನಲವತ್ತು ಮಕ್ಕಳು ಗಪ್‌ಚಿಪ್.

ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳಿಗೆ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಒಂಬತ್ತು ವರ್ಷಕ್ಕೆ ಆರರ ಗಾತ್ರ. ಆದರೆ ಕೈ ಮಾತ್ರ ಪಳಗಿದ ದರ್ಜಿಯ ಕೈ. ಅವಳು ಕತ್ತರಿಸಿದ ಅಂಚನ್ನು ಮತ್ತೆ ತಿದ್ದಬೇಕಾಗುತ್ತಿರಲಿಲ್ಲ. ತರಗತಿ ಬಿಟ್ಟ ಮೇಲೆ ಅವಳು ಮಿಸ್ಸಿನ ಮೇಜಿನ ಹತ್ತಿರ ನಿಂತು, ಮನೆಯಲ್ಲಿ ಅಜ್ಜಿ ಎರಡು ವರ್ಷದಿಂದ ಹಾಸಿಗೆ ಹಿಡಿದಿರುವುದನ್ನು ಹೇಳಿದಳು. ಅಜ್ಜಿಗೆ ಮಗ್ಗುಲಾಗಲೂ ಯಾರಾದರೂ ಬೇಕು, ದಿನವಿಡೀ ಸೂರು ನೋಡುತ್ತಾಳೆ, ಸೂರಿನಲ್ಲಿ ನೋಡಲು ಏನೂ ಇಲ್ಲ. ಇದನ್ನು ಅಜ್ಜಿಯ ಕೋಣೆಗೆ ಹಾಕಿದರೆ ಆಗುತ್ತದೆಯೇ ಎಂದು ಕೇಳಿದಳು. ಮಿಸ್ಸಿಗೆ ಕಣ್ಣು ತುಂಬಿ ಬಂತು. ಇಡೀ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಉಪಯೋಗ ಯಾರಿಗೂ ಹೊಳೆದಿಲ್ಲ, ಖಂಡಿತ ಹಾಕು ಎಂದಳು.

ಹತ್ತು ದಿನ ಕಳೆದು ಒಂದು ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರವೇ ಶಾಲೆಯ ಜವಾನ ತಡೆದು ವಿಷಯ ಹೇಳಿದ. ಶನಿವಾರ ಮಧ್ಯಾಹ್ನ ಗುಬ್ಬಿಯ ಮನೆಗೆ ಬೆಂಕಿ ಬಿದ್ದಿತ್ತು. ತಾಯಿ ಮಗಳು ಪೇಟೆಗೆ ಹೋಗಿದ್ದರು, ತಂದೆ ಕೆಲಸದ ಮೇಲಿದ್ದ. ಉರಿದದ್ದು ಒಂದೇ ಕೋಣೆ. ಆ ಕೋಣೆಯಲ್ಲಿ ಅಜ್ಜಿ ಇದ್ದಳು. ಬಾಗಿಲು ಒಡೆದು ಒಳಗೆ ಹೋದ ಪಕ್ಕದ ಮನೆಯವರಿಗೆ ಹೊಗೆಯಲ್ಲಿ ಮಂಚವೇ ಸಿಗಲಿಲ್ಲವಂತೆ.

ಜವಾನ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದ. ಬೆಂಕಿ ಆರಿಸಲು ಬಂದವರು ವೈರಿಂಗ್ ಸರಿ ಇರಲಿಲ್ಲ ಎಂದು ಬರೆದುಕೊಂಡು ಹೋಗಿದ್ದಾರೆ. ಗುಬ್ಬಿಯ ಅಪ್ಪ ವೈರ್‌ಮನ್. ಆ ಮನೆಯ ವೈರಿಂಗ್ ಮಾಡಿದವನು ಅವನೇ.

ಮಿಸ್ಸಿನ ಎದೆ ಧಸಕ್ಕೆಂದಿತು. ಅದು ಮುದುಕಿಯ ಸಾವಿಗೋ, ಬೇರೆ ಯಾವುದಕ್ಕೋ ಆ ಗಳಿಗೆಯಲ್ಲಿ ಆಕೆಗೆ ತಿಳಿಯಲಿಲ್ಲ.

ಮಧ್ಯಾಹ್ನ ಹೆಡ್ ಮೇಡಂ ಜೊತೆ ಆ ಮನೆಗೆ ಹೋದಳು. ಉದ್ದನೆಯ ಓಣಿಯ ಕೊನೆಯಲ್ಲಿ ಮೂರು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಡಿಸಿಟ್ಟ ಬಟ್ಟೆಗೂ ಹೊಗೆಯ ವಾಸನೆ. ವೈರ್‌ಮನ್ ಗೋಡೆಗೆ ಒರಗಿ ನೆಲ ನೋಡುತ್ತ ಕೂತಿದ್ದ. ಗುಬ್ಬಿಯನ್ನು ಅವಳ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ವೈರ್‌ಮನ್ನಿನ ಅಕ್ಕ, ಸತ್ತವಳ ಮಗಳು, ಶವ ಎತ್ತುವಾಗಲೇ ತಮ್ಮನಿಗೆ ಶಾಪ ಹಾಕಿ ಹೋದಳೆಂದು ಹೆಂಡತಿ ಹೇಳಿದಳು. ಗಂಡ ಅಲ್ಲೇ ಇದ್ದರೂ ಅವನು ಅಲ್ಲಿಲ್ಲದ ಹಾಗೆ ಮಾತಾಡಿದಳು.

"ಊರಿನವರ ಮನೆಗೆಲ್ಲ ನೀಟಾಗಿ ವೈರ್ ಎಳೀತಾರೆ, ಮೇಡಂ. ಹೆತ್ತ ತಾಯಿ ಮಲಗೋ ಕೋಣೆಗೆ ಉಳಿದಿದ್ದು ಬಳಿದಿದ್ದು ಎಳೆದ್ರು."

ಹೆಡ್ ಮೇಡಂ ಸಮಾಧಾನ ಹೇಳುತ್ತಿದ್ದಾಗ ಮಿಸ್ ಎದ್ದು ಸುಟ್ಟ ಕೋಣೆಯ ಹೊಸ್ತಿಲಲ್ಲಿ ನಿಂತಳು. ಗೋಡೆಗಳು ಕಪ್ಪು. ಕಬ್ಬಿಣದ ಮಂಚ ಮಾತ್ರ ಉಳಿದಿತ್ತು. ಅದರ ನೇರ ಮೇಲೆ ಕರಗಿ ಜೋತುಬಿದ್ದ ಹೋಲ್ಡರು, ಅದರ ಕುತ್ತಿಗೆಯಲ್ಲಿ ಒಂದು ತಂತಿ. ಆ ತಂತಿಯನ್ನು ಮೂರು ಸುತ್ತು ಹೊಸೆದು ಕೊಂಡಿ ಮಾಡಲಾಗಿತ್ತು. ಹೋಲ್ಡರಿನಲ್ಲಿ ಒಡೆದು ಉಳಿದಿದ್ದು ಹಳೆಯ ಕಾಲದ ಬಲ್ಬಿನ ಬುಡ. ಹೊತ್ತಿಸಿದ ಐದು ನಿಮಿಷಕ್ಕೆ ಮುಟ್ಟಲಾಗದಷ್ಟು ಕಾಯುವ ಜಾತಿಯದು.

ಗೋಡೆಯೊಳಗಿನಿಂದ ಇಣುಕುತ್ತಿದ್ದ ವೈರು ಎಲ್ಲೂ ಸುಟ್ಟಿರಲಿಲ್ಲ. ಅದು ಆಕೆಯಂಥವಳಿಗೂ ಕಾಣುತ್ತಿತ್ತು.

ಮನೆಗೆ ಬಂದು ಮಿಸ್ ಕಪಾಟಿನಿಂದ ಫೈಲು ತೆಗೆದಳು. ಪ್ರತಿ ಹಾಳೆಗೂ ಮೊದಲು ಒಂದು ಕರಡು ಬರೆಯುವುದು ಆಕೆಯ ರೂಢಿ. ಬಲ್ಬಿನ ಟೋಪಿಯ ಕರಡಿನ ಕೊನೆಯಲ್ಲಿ ಎರಡು ಸಾಲು ಇತ್ತು: ಬಿಸಿಯಾಗದ ಹೊಸ ನಮೂನೆಯ ಬಲ್ಬಿಗೆ ಮಾತ್ರ ಹಾಕಿ, ದೊಡ್ಡವರಿಗೆ ತೋರಿಸಿ ಹಾಕಿ. ಮಕ್ಕಳ ಕೈಗೆ ಹೋದ ಹಾಳೆಯಲ್ಲಿ ಆ ಸಾಲು ಇರಲಿಲ್ಲ. ಕೊಂಡಿಯ ಚಿತ್ರ ಸ್ವಲ್ಪ ದೊಡ್ಡದಾಗಿತ್ತು, ಚೆನ್ನಾಗಿ ಬಂದಿತ್ತು, ಚಿಕ್ಕದು ಮಾಡಲು ಮನಸ್ಸಾಗಲಿಲ್ಲ. ಬಾಯಲ್ಲಿ ಹೇಳಿದರಾಯಿತು ಎಂದುಕೊಂಡಿದ್ದಳು. ನಕ್ಷತ್ರ ನೋಡಿ ಮಕ್ಕಳು ಬಾಯಿ ಬಿಟ್ಟು ಕೂತ ಆ ಸಂಭ್ರಮದಲ್ಲಿ ಹೇಳುವುದು ಮರೆತೇಹೋಗಿತ್ತು.

ಅಕ್ಕನ ಮುಂದೆ ಎಲ್ಲವನ್ನೂ ಹೇಳಿದಳು. ನಲವತ್ತು ವರ್ಷ ವಾರ್ಡಿನಲ್ಲಿ ಸಾವು ನೋಡಿದ ಅಕ್ಕ ಅಳುವವರನ್ನು ಕಂಡು ಗಾಬರಿಯಾಗುವವಳಲ್ಲ. ತಂಗಿ ಮುಗಿಸಿದ ಮೇಲೆ ಬಿಸಿನೀರು ಕುಡಿಸಿ, ಆಮೇಲೆ ಮಾತಾಡಿದಳು.

"ನೀನು ಹೋಗಿ ಹೇಳ್ತೀಯ, ಸರಿ. ಆ ಟೋಪಿ ಮಾಡಿದ್ದು ಯಾರು? ಮಗು. ನಿನ್ನ ತಪ್ಪು ನಿನ್ನ ಹತ್ರ ನಿಲ್ಲಲ್ಲ, ನೆಟ್ಟಗೆ ಅದರ ತಲೆ ಮೇಲೆ ಹೋಗಿ ಕೂರುತ್ತೆ. ಬಾಯಿ ಮುಚ್ಕೊಂಡಿರು."

ಮಿಸ್ ಬಾಯಿ ಮುಚ್ಚಿಕೊಂಡೇ ಇದ್ದಳು. ಅದು ಸುಲಭವೆಂದುಕೊಂಡಿದ್ದು ತಪ್ಪಾಯಿತು. ತರಗತಿಯಲ್ಲಿ ಮಕ್ಕಳು ಮುಂದಿನ ಹಾಳೆ ಎಲ್ಲಿ ಎಂದು ಕೇಳಿದರೆ ಜೆರಾಕ್ಸ್ ಕೆಟ್ಟಿದೆ ಎನ್ನುತ್ತಿದ್ದಳು.

ಅಷ್ಟರಲ್ಲಿ ವೈರ್‌ಮನ್ನಿನ ಕಥೆ ಊರೆಲ್ಲ ಸುತ್ತಿತ್ತು. ತಾಯಿಯ ಕೋಣೆಗೇ ಸರಿಯಾಗಿ ವೈರ್ ಎಳೆಯದವನನ್ನು ಮನೆಯೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ? ಒಪ್ಪಿಕೊಂಡಿದ್ದ ಎರಡು ಹೊಸ ಮನೆಯ ಕೆಲಸ ಕೈತಪ್ಪಿತು. ಶಾಲೆಯ ಫ್ಯಾನು, ಗಂಟೆ ಎಲ್ಲ ರಿಪೇರಿ ಮಾಡುತ್ತಿದ್ದವನು ಅವನೇ. ಇನ್ನು ಮೇಲೆ ಬೇರೆಯವರನ್ನು ಕರೆಯೋಣ ಎಂದು ಹೆಡ್ ಮೇಡಂ ಸಭೆಯಲ್ಲಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಮಿಸ್ಸಿಗೆ ತನ್ನ ತಲೆಯೂ ಆಡಿದ್ದು ಆಮೇಲೆ ಗೊತ್ತಾಯಿತು. ಅಂದೇ ಸಂಜೆ ಆಕೆ ಅಕ್ಕನಿಗೂ ಹೇಳದೆ ವೈರ್‌ಮನ್ನಿನ ಅಂಗಡಿಗೆ ಹೋದಳು.

ಅಂಗಡಿ ಎಂದರೆ ಎರಡು ಅಂಗಡಿಗಳ ನಡುವಿನ ಸಂದಿಗೆ ತಗಡು ಹೊದಿಸಿದ್ದು. ಸುಟ್ಟ ಮೋಟಾರುಗಳ ನಡುವೆ ಕೂತು ಅವನು ಫ್ಯಾನಿನ ಸುರುಳಿಯಿಂದ ತಾಮ್ರದ ತಂತಿ ಬಿಚ್ಚುತ್ತಿದ್ದ. ಮಿಸ್ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಹಾಳೆ, ಬಿಟ್ಟುಹೋದ ಸಾಲು, ತಾನು ಕಂಡ ಕೊಂಡಿ. ತಾನೇ ಹೋಗಿ ಬೆಂಕಿ ಆರಿಸಿದವರಿಗೆ ಬರೆದುಕೊಡುತ್ತೇನೆ, ನಿಮ್ಮ ಹೆಸರು ಕೆಡುವುದು ಬೇಡ ಎಂದಳು.

ಅವನು ತಂತಿ ಬಿಚ್ಚುವುದನ್ನು ನಿಲ್ಲಿಸಲಿಲ್ಲ.

"ನಾನು ವೈರ್‌ಮನ್ ಮೇಡಂ. ಬೆಂಕಿ ಎಲ್ಲಿಂದ ಹತ್ತಿದೆ ಅಂತ ನನಗೆ ನೀವು ಹೇಳ್ಬೇಕಾ? ವೈರಿಂಗ್ ಸರಿ ಇರಲಿಲ್ಲ ಅಂತ ಅವರಿಗೆ ಹೇಳಿದ್ದೇ ನಾನು."

ಮಿಸ್ಸಿಗೆ ಕೂರಬೇಕೆನಿಸಿತು. ಕೂರಲು ಅಲ್ಲಿ ಜಾಗವಿರಲಿಲ್ಲ.

ಅವನು ಒಂದೊಂದೇ ಮಾತು ಹೇಳಿದ. ಗುಬ್ಬಿಯ ಕೈಗೆ ಹೋಲ್ಡರು ಎಟಕುವುದಿಲ್ಲ. ಸ್ಟೂಲು ಹತ್ತಿ ಟೋಪಿ ಹಾಕಿದವನು ಅವನೇ. ಆ ಹಳೆಯ ಬಲ್ಬನ್ನು ಕಂಡಿದ್ದ. ತಾಯಿಗೆ ಚಳಿಗಾಲದಲ್ಲಿ ಅದರ ಕಾವು ಹಿತವೆಂದು ಅವನೇ ಹಿಂದೆ ಹಾಕಿದ್ದು. ಇದಕ್ಕೆ ಬೇರೆ ಬಲ್ಬು ಬೇಕು, ನಾಳೆ ತರುತ್ತೇನೆ ಎಂದುಕೊಂಡ. ನಾಳೆ ಬೇರೆ ಕೆಲಸ ಬಂತು, ಮರುನಾಳೆ ಇನ್ನೊಂದು. ಅಲ್ಲಿಯವರೆಗೆ ಸಂಜೆ ಐದು ನಿಮಿಷವಷ್ಟೇ ಹಾಕಿ ಎಂದು ಹೇಳಿದ್ದ. ಶನಿವಾರ ಮಧ್ಯಾಹ್ನ ಅಜ್ಜಿ ಕೇಳಿದಳೆಂದು ಗುಬ್ಬಿ ಕಿಟಕಿಗೆ ಚಾದರ ಕಟ್ಟಿ, ದೀಪ ಹಾಕಿ, ತಾಯಿಯ ಜೊತೆ ಪೇಟೆಗೆ ಹೋದಳು.

"ಅವಳಿಗೆ ಅಪ್ಪನ ವೈರಿಂಗ್‌ನಿಂದ ಅಂತ ಹೇಳಿದೀನಿ. ಅವಳು ನಂಬಿದಾಳೆ. ನೀವು ಬರೆದುಕೊಟ್ರೆ ನಿಮ್ಮ ಮನಸ್ಸು ಹಗುರ ಆಗುತ್ತೆ. ಅದಕ್ಕೋಸ್ಕರ ನನ್ನ ಮಗಳ ತಲೆ ಮೇಲೆ ಕಲ್ಲು ಎಳೀಬೇಡಿ."

ಯಾರಿಗೂ ಹೇಳುವುದಿಲ್ಲ ಎಂದು ಮಿಸ್ ಮಾತು ಕೊಟ್ಟು ಬಂದಳು.

ಗುಬ್ಬಿ ಶಾಲೆಗೆ ಮರಳಿದ್ದು ಇನ್ನೂ ಎರಡು ವಾರದ ನಂತರ. ಮುಂದಿನ ಸಾಲು ಬಿಟ್ಟು ಕೊನೆಯ ಬೆಂಚಿನ ಮೂಲೆ ಹಿಡಿದಳು. ಬೇರೆ ಪಾಠಗಳಿಗೆ ಬರೆಯುತ್ತಿದ್ದಳು, ಓದುತ್ತಿದ್ದಳು. ಕರಕುಶಲದ ಗಂಟೆಯಲ್ಲಿ ಮಾತ್ರ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಕಾಗದ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಪಕ್ಕದ ಹುಡುಗಿ ಗೋಂದಿನ ಬಟ್ಟಲು ಸರಿಸಿದರೆ ಅಷ್ಟೇ ದೂರ ತಾನೂ ಸರಿಯುತ್ತಿದ್ದಳು. ಮಿಸ್ ಆ ಮೂಲೆಗೆ ಹೋಗುವುದನ್ನೇ ಬಿಟ್ಟಳು.

ಒಂದು ಶುಕ್ರವಾರ ಎಲ್ಲರೂ ಹೋದ ಮೇಲೂ ಗುಬ್ಬಿ ಎದ್ದಿರಲಿಲ್ಲ. ಮಿಸ್ ಬಟ್ಟಲುಗಳನ್ನು ತೊಳೆದಿಟ್ಟು ತಿರುಗಿದರೆ ಹುಡುಗಿ ಮೇಜಿನ ಮುಂದೆ ನಿಂತಿದ್ದಾಳೆ. ಕಣ್ಣಿನ ಕೆಳಗೆ ಕಪ್ಪು. ಒಂಬತ್ತರ ಮಗುವಿನ ಮುಖದಲ್ಲಿ ಮುದುಕಿಯ ಆಯಾಸ.

"ಮಿಸ್, ಅವತ್ತು ನೀವು ತೋರಿಸಿದ ಬಲ್ಬು ಬಿಸಿ ಆಗ್ತಿತ್ತಾ?"

ಮಿಸ್ಸಿನ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಸಿಯಾಗುತ್ತಿತ್ತು ಎಂದರೆ ಸುಳ್ಳು. ಆದರೆ ಆ ಸುಳ್ಳಿನಿಂದ ಟೋಪಿಯ ಮೇಲಿನ ಅನುಮಾನ ಹೋಗುತ್ತದೆ. ಬಿಸಿಯ ಬಲ್ಬಿಗೆ ಹಾಕಿದರೂ ಏನೂ ಆಗಲಿಲ್ಲವಲ್ಲ ಎಂದು ಹುಡುಗಿ ಮನೆಗೆ ಹೋಗುತ್ತಾಳೆ. ಅಕ್ಕನ ಮಾತು, ವೈರ್‌ಮನ್ನಿಗೆ ಕೊಟ್ಟ ಮಾತು, ಎರಡೂ ನಾಲಿಗೆಯ ತುದಿಗೆ ಆ ಸುಳ್ಳನ್ನೇ ತಂದು ನಿಲ್ಲಿಸಿದವು. ಆದರೆ ಹೀಗೆ ಅಳೆದು ತೂಗಿ ಕೇಳಬೇಕಾದರೆ ಈ ಮಗು ಎಷ್ಟು ದಿನದಿಂದ ಒಬ್ಬಳೇ ಇದನ್ನು ತಿರುಗಿಸಿ ತಿರುಗಿಸಿ ನೋಡಿರಬೇಕು! ಅವಳಿಗೆ ಆಗಲೇ ಗೊತ್ತಿತ್ತು. ಜೊತೆಗೆ ಯಾರೂ ಇರಲಿಲ್ಲ ಅಷ್ಟೇ.

"ಇಲ್ಲ ಕಣಮ್ಮ," ಎಂದಳು. "ನನ್ನದು ಬಿಸಿ ಆಗದ ಬಲ್ಬು. ಅಂಥದ್ದೇ ಬೇಕು ಅಂತ ನಾನು ಹೇಳ್ಬೇಕಿತ್ತು. ಹಾಳೇಲೂ ಬರೀಲಿಲ್ಲ, ಬಾಯಲ್ಲೂ ಹೇಳ್ಲಿಲ್ಲ. ನೀನು ಹಾಳೇಲಿ ಇದ್ದ ಹಾಗೇ ಮಾಡಿದೆ. ತಪ್ಪು ಮಾಡಿದ್ದು ನಾನು."

ಗುಬ್ಬಿ ಅಳಲಿಲ್ಲ.

"ಅಪ್ಪಂಗೆ ಗೊತ್ತಾ?"

"ಗೊತ್ತು."

"ಹಾಗಾದ್ರೆ ಗೊತ್ತಿಲ್ಲದೆ ಇರೋದು ಅಮ್ಮಂಗೆ ಒಬ್ಬಳಿಗೇ."

ಅವಳು ಚೀಲ ಹೆಗಲಿಗೇರಿಸಿ ಹೋದಳು.

ಶನಿವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮುಂಚೆಯೇ ಗುಬ್ಬಿಯ ತಾಯಿ ಶಾಲೆಯ ಅಂಗಳದಲ್ಲಿದ್ದಳು. ಕೂಗಾಡುತ್ತಾಳೆ ಎಂದು ಎಲ್ಲರೂ ಹೆದರಿದರು. ಅವಳು ಕೂಗಾಡಲಿಲ್ಲ. ನೇರ ಮಿಸ್ಸಿನ ಎದುರು ಬಂದು ನಿಂತು, ಎರಡು ತಿಂಗಳು ತಾನು ಗಂಡನ ಮುಖ ನೋಡಿ ಒಂದು ಮಾತಾಡಿಲ್ಲ, ತಟ್ಟೆಯನ್ನು ಅವನ ಮುಂದೆ ನೂಕಿದ್ದೇನೆ, ಕೊಲೆಗಾರ ಎಂದಿದ್ದೇನೆ ಎಂದು ಹೇಳಿದಳು.

"ಆ ಎರಡು ತಿಂಗಳು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಬಂದು ಪಾಠ ಮಾಡ್ತಿದ್ರಿ."

ಮಿಸ್ ಹೌದು ಎಂದಳು. ಬೇರೆ ಏನು ಹೇಳಲು ಹೋದರೂ ಅದು ನೆಪವಾಗುತ್ತಿತ್ತು.

ಆಮೇಲೆ ನಡೆದದ್ದೆಲ್ಲ ಬೇಗ ನಡೆಯಿತು. ಮಿಸ್ ಹೆಡ್ ಮೇಡಂ ಕೋಣೆಯಲ್ಲಿ ಕೂತು ನಡೆದಿದ್ದನ್ನು ಬರೆದು ಸಹಿ ಹಾಕಿದಳು, ಕರಡನ್ನೂ ಹಾಳೆಯನ್ನೂ ಜೊತೆಗೆ ಇಟ್ಟಳು. ಹೆಡ್ ಮೇಡಂ ಒಂದೇ ಮಗ್ಗುಲೆಂಬ ತಮ್ಮ ನಿಯಮವನ್ನು ನೆನೆದು ಒಂದಿಷ್ಟು ಹೊತ್ತು ಹಣೆ ಹಿಡಿದುಕೊಂಡರು. ಆದರೆ ಅದನ್ನು ಯಾರೂ ಎಲ್ಲೂ ಬರೆಯಲಿಲ್ಲ. ಹದಿನೈದು ದಿನಕ್ಕೆ ಮಿಸ್ಸಿನ ಕೆಲಸ ಹೋಯಿತು. ಕರಕುಶಲದ ಗಂಟೆಯನ್ನು ಗಣಿತಕ್ಕೆ ಕೊಟ್ಟರು. ಕೋಣೆ ತೆರವು ಮಾಡುವಾಗ ಜವಾನ ಕಪಾಟಿನ ಸಾಮಾನನ್ನೆಲ್ಲ ಗೋಣಿಯಲ್ಲಿ ತುಂಬಿ ಕಸದ ಗಾಡಿಗೆ ಹಾಕಿದ. ಅದು ಮೊದಲೂ ಕಸವೇ ಆಗಿತ್ತು, ಆದ್ದರಿಂದ ಯಾರಿಗೂ ಕೆಡುಕೆನಿಸಲಿಲ್ಲ.

ಸತ್ಯ ಹೊರಬಿದ್ದರೂ ವೈರ್‌ಮನ್ನಿಗೆ ಕೆಲಸ ಮರಳಿ ಬರಲಿಲ್ಲ. ಜನ ಮೊದಲು ಕೇಳಿದ್ದನ್ನೇ ನೆನಪಿಟ್ಟುಕೊಂಡಿದ್ದರು. ಕೆಲವರು ಎರಡನ್ನೂ ಸೇರಿಸಿ ಇನ್ನೊಂದು ಕಥೆ ಮಾಡಿದರು. ಅವನು ಒಂದು ಸಂಜೆ ಮಿಸ್ಸಿನ ಮನೆಯ ಮೆಟ್ಟಿಲ ತನಕ ಬಂದ, ಒಳಗೆ ಕರೆದರೆ ಬರಲಿಲ್ಲ. ಮಾತು ಕೊಟ್ಟಿದ್ದಿರಲ್ಲ ಎಂದಷ್ಟೇ ಕೇಳಿದ. ಅಕ್ಕ ಮುಂದೆ ಬಂದು ಏನೋ ಹೇಳಹೋದಳು. ಅವನು ಕೈ ಎತ್ತಿ ಸಾಕೆಂದು, ಬಂದ ದಾರಿಯಲ್ಲೇ ಹೋದ.

ತಿಂಗಳೊಪ್ಪತ್ತಿನಲ್ಲಿ ಆ ಮನೆ ಖಾಲಿಯಾಗುತ್ತದೆ, ಬೇರೆ ಊರಿನ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿದೆ ಎಂದು ಸುದ್ದಿ ಬಂತು. ಮಿಸ್ ಅಷ್ಟರಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದ್ದಳು. ಅಂಗಡಿಗೆ ಹೋಗುವ ದಾರಿಯಲ್ಲಿ ಬಸ್ ನಿಲ್ದಾಣವಿತ್ತು. ಅಲ್ಲಿ ಒಂದು ಬೆಳಿಗ್ಗೆ ಗಂಟುಮೂಟೆಗಳ ನಡುವೆ ಆ ಮೂವರನ್ನು ಕಂಡಳು. ವೈರ್‌ಮನ್ ಬಸ್ಸಿನ ಮೇಲೆ ಸಾಮಾನು ಏರಿಸುತ್ತಿದ್ದ. ಹೆಂಡತಿ ಕೆಳಗಿನಿಂದ ಒಂದೊಂದೇ ಗಂಟು ಎತ್ತಿಕೊಡುತ್ತ, ಹಗ್ಗ ಬಿಗಿಯಾಯಿತೇ ಎಂದು ಅವನನ್ನು ಕೇಳುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದರು.

ಮಿಸ್ ಕಂಬದ ಮರೆಗೆ ಸರಿಯಬೇಕೆನ್ನುವಷ್ಟರಲ್ಲಿ ಹೆಂಗಸು ನೋಡಿಬಿಟ್ಟಳು. ಗಂಟನ್ನು ಕೆಳಗಿಟ್ಟು ನಾಲ್ಕು ಹೆಜ್ಜೆ ಬಂದಳು. ಮುಖ ಮೃದುವಾಗಿರಲಿಲ್ಲ.

"ಮೊದಲು ಬೆಚ್ಚಿ ಬೆಚ್ಚಿ ಏಳ್ತಿದ್ಳು. ಈಗ ಮಲಗ್ತಾಳೆ," ಎಂದಳು. ಸ್ವಲ್ಪ ತಡೆದು ಸೇರಿಸಿದಳು, "ಆದ್ರೆ ಮನೇಲಿ ದೀಪ ಹಾಕೋಕೆ ಬಿಡಲ್ಲ. ಬೆಳಕು ಇರೋಹೊತ್ತಿಗೇ ಊಟ ಮುಗಿಸ್ತೀವಿ."

ಅಷ್ಟು ಹೇಳಿ ತಿರುಗಿ ಹೋದಳು. ಗುಬ್ಬಿ ಕಿಟಕಿಯ ಪಕ್ಕ ಆಗಲೇ ಕೂತಿದ್ದಳು. ಅವಳು ಮಿಸ್ಸನ್ನು ನೋಡಿದಳು. ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಬಸ್ಸು ಹೊರಡುವ ತನಕ ಮಿಸ್ ಅಲ್ಲೇ ನಿಂತಿದ್ದಳು. ಅಂಗಡಿಗೆ ಹೋಗುವ ಹೊತ್ತಿಗೆ ಅರ್ಧ ಗಂಟೆ ತಡವಾಗಿತ್ತು. ಯಜಮಾನ ಏನೋ ಅಂದ, ಆಕೆ ಹೋಗಿ ತನ್ನ ಜಾಗದಲ್ಲಿ ಕೂತಳು.